ಕಾಕಾ ಚುಕ್ಕಿ ಹಚ್ಚಿದ ಹೆಸರುಗಳು

ನಮ್ಮ ಕಾಕಾಗೆ ನಾಲ್ಕು ಭಾಷೆ ಬರುತ್ತವೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮಿರಜ ಸ್ಟೇಷನ್ನಿನಲ್ಲಿ ಹಿಂದಿ. ಈ ಮೂರರಲ್ಲೂ ಅವರು ತಡವರಿಸುತ್ತಾರೆ. ಜಗಳ ಬಂದರಂತೂ ಮೂರನ್ನೂ ಕಲಸಿ ಆಡಿ, ಎದುರಿನವನಿಗೆ ತನ್ನನ್ನು ಬೈದರೋ ಹರಸಿದರೋ ತಿಳಿಯದಂತೆ ಮಾಡುತ್ತಾರೆ. ಒಂದು ತಪ್ಪೂ ಇಲ್ಲದೆ ಅವರಿಗೆ ಬರುವುದು ನಾಲ್ಕನೆಯದು ಮಾತ್ರ. ಆ ಭಾಷೆಯಲ್ಲಿ ಅವರ ಜೊತೆ ಮಾತಾಡಲು ಸಾಂಗಲಿ-ಮಿರಜದಲ್ಲಿ ಈಗ ಒಬ್ಬ ನರಮನುಷ್ಯನೂ ಉಳಿದಿಲ್ಲ. ಅದರ ಹೆಸರು ಫಾಕ್ಸ್‌ಪ್ರೊ.

ಗಾಬರಿಯಾಗಬೇಡಿ. ಅದು ಕಂಪ್ಯೂಟರಿಗೆ ಅಪ್ಪಣೆ ಕೊಡುವ ಭಾಷೆ. ಒಂದು ಕಾಲಕ್ಕೆ ನಮ್ಮ ಕಡೆಯ ಆಸ್ಪತ್ರೆ, ಅರಿಶಿನ ಪೇಟೆ, ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜು, ಎಲ್ಲ ಕಡೆಯೂ ಅದರದೇ ದರಬಾರು. ಈಗ ಅದರ ಹೆಸರೆತ್ತಿದರೆ ಹುಡುಗರು ಅಟ್ಟದ ಮೇಲಿನ ಹಂಡೆಯನ್ನು ನೋಡಿದ ಹಾಗೆ ನೋಡುತ್ತಾರೆ. ನಾನೂ ಹಾಗೆ ನೋಡಿದವಳೇ. ನನ್ನ ಹೊಟ್ಟೆಪಾಡು ಮಿರಜದಲ್ಲಿ ಸಿತಾರ ಮಾಡುವವರಿಗೆ, ಹಲ್ಲಿನ ಡಾಕ್ಟರರಿಗೆ, ಬಟ್ಟೆಯಂಗಡಿಯವರಿಗೆ ವೆಬ್‌ಸೈಟ್ ಕಟ್ಟಿಕೊಡುವುದು. ನನ್ನ ಕೆಲಸವನ್ನು ಕಾಕಾ "ರಂಗೋಲಿ ಹಾಕೂದು" ಎನ್ನುತ್ತಾರೆ. ಅವರ ಕೆಲಸವನ್ನು ನಾನು "ಮಣ್ಣು ಅಗೆಯೋದು" ಎನ್ನುತ್ತೇನೆ. ಹೀಗಾಗಿ ನಮ್ಮಿಬ್ಬರದು ಬಹಳ ಅಕ್ಕರೆಯ ಸಂಬಂಧ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಹುಟ್ಟಿದ್ದು ಮಿರಜದ ಹತ್ತಿರದ ಆರಗ ಎಂಬ ಹಳ್ಳಿಯಲ್ಲಿ, ಕುರಿ ಕಾಯುವ ಮನೆತನದಲ್ಲಿ. ನಮ್ಮಜ್ಜ ಸಂಜೆ ಹಟ್ಟಿಗೆ ಬಂದ ಕುರಿಗಳನ್ನು ಎಣಿಸುತ್ತಲೇ ಇರಲಿಲ್ಲವಂತೆ. ಸುಮ್ಮನೆ ಒಮ್ಮೆ ಕಣ್ಣಾಡಿಸಿ, "ಕಿವಿ ಹರದದ್ದು ಬಂದಿಲ್ಲ" ಎಂದು ಹೇಳಿ ಕೋಲು ಹಿಡಿದು ಹೊರಡುತ್ತಿದ್ದನಂತೆ. ಬಂದ ನೂರಕ್ಕಿಂತ ಬಾರದ ಒಂದರ ಮುಖವೇ ಅವನ ಕಣ್ಣಿಗೆ ಕಾಣುತ್ತಿತ್ತು. ಆ ಮನೆಯ ಹುಡುಗ ಓದಿ, ಮಿರಜದ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಕಾಗದಪತ್ರ ಕಾಯುವ ಕಾರಕೂನನಾದ. ಕುರಿಯಿಂದ ಕಾಗದಕ್ಕೆ ಬಂದದ್ದು ಅಷ್ಟೇ, ಕಾಯುವ ಕೆಲಸ ತಪ್ಪಲಿಲ್ಲ.

ಆಸ್ಪತ್ರೆಗೆ ಮೊದಲ ಕಂಪ್ಯೂಟರ್ ಬಂದಾಗ ಕಾಕಾನನ್ನು ಸಾಂಗಲಿಯ ಒಂದು ಕ್ಲಾಸಿಗೆ ಕಳಿಸಿದರು. ಆಗ ಕಂಪ್ಯೂಟರೆಂದರೆ ದೇವರ ಕೋಣೆ. ತಣ್ಣನೆಯ ಗಾಜಿನ ಕೋಣೆ, ಹೊರಗೆ ಚಪ್ಪಲಿ ಬಿಡಬೇಕು, ಒಳಗೆ ಕೆಮ್ಮಬಾರದು. ಆ ಕ್ಲಾಸು ಮುಚ್ಚಿ ಅಲ್ಲಿ ಈಗ ಕನ್ನಡಕದ ಅಂಗಡಿ ಬಂದಿದೆ. ಆದರೆ ಕಾಕಾ ಮಾತ್ರ ಇವತ್ತಿಗೂ ತಮ್ಮ ಮನೆಯ ಒಳಕೋಣೆಯಲ್ಲಿರುವ ಕಂಪ್ಯೂಟರಿನ ಮುಂದೆ ಚಪ್ಪಲಿ ಹಾಕಿಕೊಂಡು ಕೂತವರಲ್ಲ, ಬೇರೆಯವರನ್ನು ಕೂರಲು ಬಿಟ್ಟವರೂ ಅಲ್ಲ. ಮನೆಯಲ್ಲಿ ಎಲ್ಲರೂ ಬರಿಗಾಲಲ್ಲೇ ಓಡಾಡುವುದು ಎಂಬುದು ಬೇರೆ ಮಾತು. ಮೊಣಕಾಲು ನೋವಿಗೆಂದು ಡಾಕ್ಟರರು ಕಾಕಾನ ಹೆಂಡತಿ ಕಾಕೂಗೆ ಮೆತ್ತನೆಯ ಚಪ್ಪಲಿ ಬರೆದುಕೊಟ್ಟಾಗ ತಾಪತ್ರಯ ಶುರುವಾಯಿತು.

"ಅದನ್ನ ಹೊರಗ ಬಿಟ್ಟು ಬಾ. ಧೂಳ ಹೋಗತೈತಿ ಒಳಗ," ಎಂದರು ಕಾಕಾ.

"ದೇವರ ಮನಿಗೆ ಹಾಕ್ಕೊಂಡ ಹೋಗೇನಿ, ದೇವರು ಏನೂ ಅಂದಿಲ್ಲ," ಎಂದರು ಕಾಕೂ.

"ದೇವರಿಗೆ ಫ್ಯಾನ್ ಇಲ್ಲ. ಇದಕ್ಕೈತಿ."

ಕಾಕೂ ಅವತ್ತಿನಿಂದ ಆ ಕೋಣೆಯ ಕಸ ಗುಡಿಸುವುದನ್ನೇ ಬಿಟ್ಟರು. ಈಗ ಕಾಕಾ ತಾವೇ ಗುಡಿಸಿಕೊಳ್ಳುತ್ತಾರೆ.

ಆ ಕಂಪ್ಯೂಟರಿನೊಳಗೆ ಇರುವುದಾದರೂ ಏನು? ಒಂದು ಯಾದಿ, ಅಂದರೆ ಪಟ್ಟಿ. ರಕ್ತ ಕೊಡುವವರ ಯಾದಿ. ಅದು ಹುಟ್ಟಿದ ಕಥೆಯನ್ನು ಕಾಕಾ ಹೇಳುವುದಿಲ್ಲ, ಕಾಕೂ ಬಿಡುವುದಿಲ್ಲ. ಕಾಕಾ ನೌಕರಿಗೆ ಸೇರಿದ ಹೊಸದರಲ್ಲಿ ಆಸ್ಪತ್ರೆಯ ಒಬ್ಬ ಬಾಣಂತಿಗೆ ಓ ನೆಗೆಟಿವ್ ರಕ್ತ ಬೇಕಾಯಿತಂತೆ. ಕಾಕಾ ಸೈಕಲ್ ಹತ್ತಿ ಮೂರು ತಾಸು ಮಿರಜದ ಓಣಿ ಓಣಿ ತಿರುಗಿದರಂತೆ. ಸಿಕ್ಕಸಿಕ್ಕವರನ್ನೆಲ್ಲ ಕೇಳಿ, ಬೆವತು, ಬರಿಗೈಲಿ ಮರಳಿ ಬಂದಾಗ ಅಲ್ಲಿದ್ದ ನರ್ಸು, "ನಿಂದು ಯಾವ ಗ್ರೂಪ್?" ಎಂದಳಂತೆ. ಕಾಕಾ ಯಾವತ್ತೂ ತಪಾಸಣೆ ಮಾಡಿಸಿರಲಿಲ್ಲ. ಬೆರಳು ಚುಚ್ಚಿ ನೋಡಿದರೆ ಓ ನೆಗೆಟಿವ್! ಬಾಣಂತಿ ಉಳಿದಳು. ಕಾಕಾಗೆ ಮಾತ್ರ ಅವತ್ತಿನಿಂದ ಒಂದು ಹುಚ್ಚು ಹಿಡಿಯಿತು. ಜಗತ್ತಿನಲ್ಲಿ ಯಾರ ರಕ್ತ ಯಾವ ಗುಂಪಿನದು ಎಂಬುದು ಅವರಿಗೆ ಗೊತ್ತಿರಲೇಬೇಕು.

ಹೆಣ್ಣು ನೋಡಲು ಹೋದಾಗಲೂ ಅಷ್ಟೆ. ಹಿರಿಯರು, "ಹುಡುಗೀಗೆ ಏನರ ಕೇಳೂದಿದ್ರ ಕೇಳು" ಎಂದದ್ದಕ್ಕೆ ಇವರು ಕೇಳಿದ್ದು ಒಂದೇ ಪ್ರಶ್ನೆ. ರಕ್ತದ ಗುಂಪು ಯಾವುದು? ಅಲ್ಲಿದ್ದ ಹೆಂಗಸರು ಹುಡುಗನ ಮನೆಯಲ್ಲಿ ಏನೋ ರೋಗವಿರಬೇಕೆಂದು ಪಿಸುಗುಟ್ಟಿದರಂತೆ. ಕಾಕೂ ಮಾತ್ರ ತಲೆ ಎತ್ತಿ, "ನಂಗೊತ್ತಿಲ್ಲ. ನಿಮಗ ಬೇಕಾದ್ದು ರಕ್ತಾನೋ ಹೆಂಡ್ತೀನೋ?" ಎಂದರಂತೆ. ಲಗ್ನ ಕೂಡಿಬಂತು. ಲಗ್ನದ ನಂತರ ತಪಾಸಣೆ ಮಾಡಿಸಿದಾಗ ಕಾಕೂದು ಎ ಪಾಸಿಟಿವ್ ಎಂದು ತಿಳಿಯಿತು. "ಊರೆಲ್ಲಾ ಸಿಗೋ ಗ್ರೂಪ್," ಎಂದು ಕಾಕಾ ಸ್ವಲ್ಪ ಬೇಜಾರು ಮಾಡಿಕೊಂಡರೆಂದು ಕಾಕೂ ಇವತ್ತಿಗೂ ಆಡಿಕೊಳ್ಳುತ್ತಾರೆ.

ಹೀಗೆ ಬಸ್ಸಿನ ಕಂಡಕ್ಟರು, ಬದನೆಕಾಯಿ ಮಾರುವವಳು, ಮಾಲಗಾಂವದ ಲಗ್ನದಲ್ಲಿ ಅಕ್ಷತೆಗೆ ಕಾಯುತ್ತ ನಿಂತಿದ್ದ ಮದುಮಗನ ಸೋದರಮಾವ, ಎಲ್ಲರೂ ಒಬ್ಬೊಬ್ಬರಾಗಿ ಆ ಯಾದಿ ಸೇರಿದರು. ಬರೀ ಹೆಸರು, ಗುಂಪು ಬರೆದರೆ ಕಾಕಾಗೆ ಸಮಾಧಾನವಿಲ್ಲ. ಯಾವ ಬಸ್ಸಿಗೆ ಬರುತ್ತಾರೆ, ಫೋನು ಯಾರು ಎತ್ತುತ್ತಾರೆ, ಹೊಲದಿಂದ ಎಷ್ಟೊತ್ತಿಗೆ ಮನೆಗೆ ಬರುತ್ತಾರೆ, ಎಲ್ಲಕ್ಕೂ ಒಂದೊಂದು ಕಾಲಮ್ಮು. ಕುರಿ ಕಾಯುವವರಿಗಂತೂ ಬೇರೆಯದೇ ಕಾಲಮ್ಮು, ಯಾವ ತಿಂಗಳಲ್ಲಿ ಕುರಿಗಳ ಜೊತೆ ಯಾವ ಊರಿನ ಬಯಲಲ್ಲಿ ಇರುತ್ತಾರೆ ಎಂದು. ನಾನು ಕಟ್ಟುವ ವೆಬ್‌ಸೈಟಿನಲ್ಲಿ ಗಿರಾಕಿಯ ವಿಳಾಸಕ್ಕೆ ಒಂದೇ ಜಾಗ. ಮನುಷ್ಯನ ಜೊತೆ ಅವನ ವಿಳಾಸವೂ ತಿಂಗಳಿಗೊಮ್ಮೆ ನಡೆದು ಹೋಗುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಇಷ್ಟಾದರೂ ನನ್ನ ಕುತೂಹಲ ಬೇರೆಯೇ ಇತ್ತು. ಒಂದು ಭಾಷೆ ಹಳೆಯದಾಗುವುದು ಹೇಗೆ? ಕುಡುಗೋಲು ಸವೆಯುತ್ತದೆ, ಚಪ್ಪಲಿ ಹರಿಯುತ್ತದೆ, ಒಪ್ಪಿದೆ. ಆದರೆ ಅಪ್ಪಣೆಗೆ ತುಕ್ಕು ಹಿಡಿಯುತ್ತದೆಯೇ? ನಿನ್ನೆ ಸರಿಯಾಗಿ ಹುಡುಕಿಕೊಟ್ಟದ್ದು ಇವತ್ತೂ ಸರಿಯಾಗಿಯೇ ಹುಡುಕಿಕೊಡುತ್ತದಲ್ಲ? ಹಾಗಿದ್ದರೆ ಈ ಹಳೆಯ ಭಾಷೆಗಳನ್ನು ಕಂಡರೆ ನಮ್ಮಂಥವರು ಮೂಗು ಮುರಿಯುವುದೇಕೆ? ಒಂದು ದಿನ ಕಾಕಾನನ್ನೇ ಕೇಳಿದೆ.

"ಹೆಸರು ಕೆಟ್ಟೈತಿ. ಭಾಷಾ ಕೆಟ್ಟಿಲ್ಲ," ಎಂದು ಕಾಕಾ ಕಾಲು ಮಡಚಿ ಕೂತರು. "ಈಗ ಕೋಬಾಲ್ ನೋಡವಾ. ಅದು ಮನೀ ಹಿರ್ಯಾ ಇದ್ದಂಗ. ಒಂದು ಮಾತಿಗೆ ಹತ್ತು ಮಾತು ಆಡತಾನ. ಎಲ್ಲಾರೂ ನಗತಾರ. ಖರೆ, ದೊಡ್ಡ ದೊಡ್ಡ ಬ್ಯಾಂಕಿನ ಕೀಲಿಕೈ ಇನ್ನೂ ಅವನ ಉಡದಾರದಾಗ ಐತಿ."

"ಫೋರ್ಟ್ರಾನ್?"

"ಗಣಿತದ ಮಾಸ್ತರ. ನಾಕ ಮಂದ್ಯಾಗ ಕುಂತು ಮಾತಾಡಾಕ ಬರಂಗಿಲ್ಲ. ಮಳಿ-ಗಾಳಿ ಲೆಕ್ಕ ಕೇಳು, ಇವತ್ತಿಗೂ ಅಂವನ ಹೇಳಬೇಕು."

"ಬೇಸಿಕ್?"

"ಪಾಪ, ಅದು ಬಾಲವಾಡಿ ಟೀಚರಬಾಯಿ. ಎಲ್ಲಾರೂ ಆಕಿ ಕಡೇನ ಅಕ್ಷರಾ ಕಲ್ತರು. ದೊಡ್ಡವರಾದ ಮ್ಯಾಲ, ನಮ್ಮ ಕೈ ಕೆಡಿಸಿದಾಕಿ ಆಕೀನ ಅಂದ್ರು."

"ಮತ್ತ ನಿಮ್ಮ ಫಾಕ್ಸ್‌ಪ್ರೊ?"

"ಹಳ್ಳಿ ಪೋಸ್ಟಮನ್. ಅಡ್ರೆಸ್ ಅರ್ಧಾನ ಬರ್ದಿದ್ರೂ ಮನಿ ಮುಟ್ಟಸ್ತಾನ. ಅಂವಗ ಫೋಟೋ ತಗಿ ಅಂದ್ರ ಬರಂಗಿಲ್ಲ, ಹಾಡು ಹಾಡು ಅಂದ್ರ ಬರಂಗಿಲ್ಲ. ಅದಕ್ಕ ಅಂವನ್ನ ಯಾಕ ಬೈಬೇಕು? ಕಬ್ಬಿಣದ ಹಾರಿ ಹಳೇದಾತಂತ ಯಾರರ ಬಾವಿ ತೋಡೂದು ಬಿಟ್ಟಾರೇನು? ಹಾರಿ ತಗೊಂಡು ತಲಿ ಬಾಚಾಕ ಹೋಗಬಾರ್ದು, ಅಷ್ಟ."

ನಾನು ದಿನವೂ ಬಳಸುವ ಭಾಷೆಯ ಬಗ್ಗೆಯೂ ಒಂದು ಒಳ್ಳೆಯ ಮಾತು ಬರಬಹುದೆಂಬ ಆಸೆಯಿಂದ ಕೇಳಿದೆ. ಕಾಕಾ ಸ್ವಲ್ಪ ಯೋಚಿಸಿ ಹೇಳಿದರು. "ಅದು ಲಗ್ನದ ಬ್ಯಾಂಡಿನವರಿದ್ದಂಗ. ಛಲೋ ಬಾರಸ್ತಾರ, ಇಲ್ಲನ್ನಂಗಿಲ್ಲ. ಖರೆ, ಲಗ್ನಕ್ಕೊಂದು ಹೊಸ ಅಂಗಿ ಕೇಳತಾರ."

ವರ್ಷಕ್ಕೆರಡು ಸಲ ಎಲ್ಲವನ್ನೂ ಹೊಸದಾಗಿ ಬದಲಿಸಿ, ಹಳೆಯದು ನಡೆಯದಂತಾಗಿ ಒದ್ದಾಡುವವಳು ನಾನು.

ಆದರೂ ಸೋಲೊಪ್ಪುವವಳಲ್ಲ. ಒಂದು ಬೆಳಿಗ್ಗೆ ನಾನಲ್ಲಿರುವಾಗಲೇ ಆಸ್ಪತ್ರೆಯೊಂದರಿಂದ ಫೋನು ಬಂತು, ಬಿ ನೆಗೆಟಿವ್ ಬೇಕು, ಜಲ್ದಿ. "ಕಾಕಾ, ನಾ ಮೊಬೈಲಿನ್ಯಾಗ ಹುಡುಕತೇನಿ, ನೀವು ನಿಮ್ಮದ್ರಾಗ ಹುಡುಕ್ರಿ. ನೋಡೂಣು," ಎಂದೆ. ನನ್ನ ಮೊಬೈಲು ಮೊದಲು ನಾನು ಯಾರೆಂದು ಕೇಳಿತು. ಆಮೇಲೆ ನಾನು ಎಲ್ಲಿದ್ದೇನೆ ಎಂದು ಕೇಳಿತು. ಆಮೇಲೆ ತನ್ನನ್ನು ಹೊಸದು ಮಾಡಿಕೊಳ್ಳಲು ಅಪ್ಪಣೆ ಕೇಳಿ, ತೆರೆಯ ಮೇಲೊಂದು ಚಕ್ರ ತಿರುಗಿಸುತ್ತ ಕೂತಿತು. ಅಷ್ಟರಲ್ಲಿ ಒಳಕೋಣೆಯಿಂದ ಕಾಕಾನ ದನಿ ಕೇಳಿಸಿತು. ಆಗಲೇ ಯಾರಿಗೋ ಫೋನು ಹಚ್ಚಿಬಿಟ್ಟಿದ್ದರು. "ಕುಪವಾಡದ ಶಿಫ್ಟ್ ಮುಗಿಸಿ ಬರಾಕತ್ತೀರೇನ್ರಿ? ಹಂಗ ದವಾಖಾನಿಗೆ ಬರ್ರಿ, ನಾಷ್ಟಾ ಮಾಡೇ ಬರ್ರಿ." ನನ್ನ ಚಕ್ರ ಇನ್ನೂ ತಿರುಗುತ್ತಲೇ ಇತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಅವರ ಮನೆಯ ನೆಟ್‌ವರ್ಕ್ ಸರಿಯಿಲ್ಲ ಎಂದೆ.

ಆ ಕುಪವಾಡದವರ ಕಥೆಯನ್ನೂ ಹೇಳಬೇಕು. ಅವರು ಅಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಶೀನು ನಡೆಸುವವರು, ವಿಜಯಪುರದ ಕಡೆಯಿಂದ ದುಡಿಯಲು ಬಂದು ಇಲ್ಲೇ ನೆಲೆಸಿದವರು. ಒಮ್ಮೆ ಕಾಕಾನ ಕಂಪ್ಯೂಟರಿನ ಫ್ಯಾನು ಮುರಿಯಿತು. ಅಂಥ ಫ್ಯಾನು ತಯಾರಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಸಾಂಗಲಿಯ ಅಂಗಡಿಯವನು, "ಕಾಕಾ, ಇದನ್ನ ಮ್ಯೂಸಿಯಮ್ಮಿಗೆ ಕೊಟ್ಟಬಿಡ್ರಿ" ಎಂದ. ಕಾಕಾ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕುಪವಾಡಕ್ಕೆ ಹೋದರು. ಲೇತಿನವರು ಅಳತೆ ತೆಗೆದು, ಹಿತ್ತಾಳೆಯಲ್ಲಿ ಹೊಸ ಬುಶ್, ಅಂದರೆ ಅಚ್ಚು ತಿರುಗುವ ಬಳೆ, ಕಡೆದು ಕೂರಿಸಿದರು. ಫ್ಯಾನು ಈಗಲೂ ತಿರುಗುತ್ತದೆ, ಸ್ವಲ್ಪ ಹಿಟ್ಟಿನ ಗಿರಣಿಯ ಸಪ್ಪಳ ಮಾಡುತ್ತದೆ ಅಷ್ಟೆ. ಕೆಲಸ ಮುಗಿದ ಮೇಲೆ ಕಾಕಾ ಕೇಳಿದ್ದೇನು? ಬೇರೆ ಏನು ಕೇಳುತ್ತಾರೆ! ಬಿ ನೆಗೆಟಿವ್ ಎಂದು ತಿಳಿದು ಅವರನ್ನು ಅಪ್ಪಿಕೊಂಡೇ ಬಿಟ್ಟರಂತೆ.

ಇಂಥ ಕಾಕಾಗೆ ಹೋದ ವರ್ಷ ಒಂದು ಸಂಕಟ ಬಂತು. ಅವರ ಯಾದಿಯಿಂದ ಹುಟ್ಟಿದ ರಕ್ತದಾನ ಮಂಡಳಕ್ಕೆ ಹೊಸ ಅಧ್ಯಕ್ಷ ಬಂದ. ಮಾಲಗಾಂವದ ದ್ರಾಕ್ಷಿ ತೋಟದ ತರುಣ. ಚುರುಕಿನವನು, ಒಳ್ಳೆಯವನು, ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವಾಗ ಅರ್ಧ ಮರಾಠಿ. ಅವನು ಕಾಕಾನ ಮನೆಗೆ ಬಂದು, ಚಪ್ಪಲಿ ಬಿಟ್ಟು, ಕಪ್ಪು ತೆರೆಯ ಮೇಲಿನ ಬಿಳಿ ಅಕ್ಷರಗಳನ್ನು ನೋಡಿ ತಲೆಯಾಡಿಸಿದ. "ಕಾಕಾ, ಆತಾ ಬಸ್ ಝಾಲಂ. ಇದು ಸಾಕ ಮಾಡೂಣ್ರಿ. ನಾಳೆ ಈ ಮಶೀನ್ ಬಂದ್ ಬಿದ್ರ ಸಗಳಾ ಯಾದಿ ಹೋಗತೈತಿ. ಎಲ್ಲಾರ ಮೊಬೈಲಿಗೆ ತಾನ ಮೆಸೇಜ್ ಹೋಗೂ ಹಂಗ ಮಾಡೂಣು."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದು ಕಾಕಾಗೂ ಗೊತ್ತಿತ್ತು. ಹೊಸದನ್ನು ಕಟ್ಟುವ ಕೆಲಸ ನನಗೇ ಬಂತು. ಕಾಕಾ ಜಗಳಾಡುತ್ತಾರೆಂದು ನಾನು ಸೆರಗು ಕಟ್ಟಿ ತಯಾರಾಗಿದ್ದೆ. ಅವರು ಜಗಳಾಡಲಿಲ್ಲ. ಒಂದೇ ಮಾತು ಹೇಳಿದರು.

"ಚುಕ್ಕಿ ಬಿಟ್ಟು ಹೋಗಬ್ಯಾಡವಾ."

ಈ ಚುಕ್ಕಿ ಏನೆಂದು ಹೇಳದಿದ್ದರೆ ಮುಂದಿನ ಕಥೆ ತಿಳಿಯುವುದಿಲ್ಲ. ಫಾಕ್ಸ್‌ಪ್ರೊದ ಒಂದು ಸ್ವಭಾವ ವಿಚಿತ್ರ. ಯಾದಿಯಿಂದ ಒಂದು ಹೆಸರನ್ನು ಅಳಿಸು ಎಂದರೆ ಅದು ಅಳಿಸುವುದಿಲ್ಲ. ಹೆಸರಿನ ಹಿಂದೆ ಒಂದು ಸಣ್ಣ ಗುರುತು ಹಚ್ಚುತ್ತದೆ. ಅದಕ್ಕೆ ಕಾಕಾ ಚುಕ್ಕಿ ಎನ್ನುತ್ತಾರೆ. ಚುಕ್ಕಿ ಹಚ್ಚಿದ ಹೆಸರು ಯಾದಿಯಲ್ಲಿ ಕಾಣುವುದಿಲ್ಲ, ಆದರೆ ಒಳಗೆ ಇರುತ್ತದೆ. ಬೇಕಾದಾಗ ಮರಳಿ ಕರೆಯಬಹುದು. ನಿಜವಾಗಿ ಅಳಿಸಬೇಕೆಂದರೆ ಇನ್ನೊಂದು ಅಪ್ಪಣೆ ಇದೆ. ಅದನ್ನು ಕೊಟ್ಟರೆ ಚುಕ್ಕಿಯವರೆಲ್ಲ ಒಂದೇ ಏಟಿಗೆ ಹೋಗುತ್ತಾರೆ. ಆ ಅಪ್ಪಣೆಯನ್ನು ಕಾಕಾ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೊಟ್ಟಿಲ್ಲ! ಅರವತ್ತೈದು ದಾಟಿದವರು ರಕ್ತ ಕೊಡುವಂತಿಲ್ಲ, ಅವರಿಗೆ ಚುಕ್ಕಿ. ಸಕ್ಕರೆ ರೋಗಕ್ಕೆ ಸೂಜಿ ಚುಚ್ಚಿಕೊಳ್ಳುವವರಿಗೆ ಚುಕ್ಕಿ. ತೀರಿಹೋದವರಿಗೂ ಚುಕ್ಕಿ. ಅದೆಲ್ಲ ಒಳಗೇ ಕೂತಿದೆ. ನಾನು ಇದನ್ನು ಕಸ ಹೊರಗೆ ಹಾಕದ ಮನೆ ಎಂದು ಹಂಗಿಸುತ್ತಿದ್ದೆ.

"ಇವರ್ಯಾರೂ ರಕ್ತ ಕೊಡಂಗಿಲ್ಲ. ಇವರನ್ನ ಇಟ್ಕೊಂಡು ಏನ್ ಮಾಡೂದೈತಿ, ಕಾಕಾ?" ಎಂದೆ.

"ಇರ್ಲಿ. ಭಾರ ಆಗ್ಯಾರೇನು?" ಎಂದರು.

ಆ ವಾರದಲ್ಲಿ ಮೂರು ಸಲ ನನ್ನ ಅಂಗಡಿಗೆ ಬಂದು, ಹೊರಗೆ ಚಪ್ಪಲಿ ಬಿಟ್ಟು, ಬಾಗಿಲಲ್ಲೇ ನಿಂತು ಕೇಳಿದರು. "ಚುಕ್ಕಿ ಮಂದಿ ಬಂದ್ರೇನವಾ ಹೊಸದ್ರಾಗ?" ಮೂರು ಸಲವೂ ನಾನು ತಲೆ ಎತ್ತದೆ, "ಬಂದಾರ್ರಿ ಕಾಕಾ" ಎಂದೆ. ನೋಡಿ ಹೇಳಿದ್ದಲ್ಲ, ಅವರನ್ನು ಸಾಗಹಾಕಲು ಹೇಳಿದ್ದು. ಕಾಕಾನಂಥ ಮನುಷ್ಯ ಇಷ್ಟು ಅಂಜಿಕೊಂಡು ಕೇಳುತ್ತಿದ್ದಾರೆಂದರೆ ಅದರಲ್ಲೇನೋ ಇರಬೇಕೆಂದು ನನಗಾಗ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ತಮಾಷೆಯೆಂದರೆ ನಾನು ಸುಳ್ಳು ಹೇಳಿರಲಿಲ್ಲ. ಅವರೆಲ್ಲ ನಿಜವಾಗಿಯೂ ಬಂದಿದ್ದರು. ಚುಕ್ಕಿ ಮಾತ್ರ ಬಂದಿರಲಿಲ್ಲ. ಹಳೆಯ ಯಾದಿಯನ್ನು ಓದಲು ನಾನು ಬಳಸಿದ ಹೊಸ ಸಾಧನಕ್ಕೆ ಆ ಗುರುತು ಏನೆಂದೇ ಗೊತ್ತಿರಲಿಲ್ಲ. ಅದು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು. ಇಪ್ಪತ್ತರವರು, ಎಂಬತ್ತರವರು, ಇದ್ದವರು, ಇಲ್ಲದವರು ಎಲ್ಲರೂ ಈಗ ತಾಜಾ ರಕ್ತದಾನಿಗಳು! ಶನಿವಾರ ಮಧ್ಯಾಹ್ನ ಅಧ್ಯಕ್ಷ ಖುಷಿಯಿಂದ ಗುಂಡಿ ಒತ್ತಿದ. ಮೊದಲ ಮೆಸೇಜು ಎಲ್ಲರಿಗೂ ಹೋಯಿತು. "ನಮಸ್ಕಾರ. ನಿಮ್ಮ ರಕ್ತ ಬೇಕಾಗಿದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮಿರಜದ ಶಿಬಿರಕ್ಕೆ ತಪ್ಪದೆ ಬನ್ನಿ."

ಭಾನುವಾರ ಬೆಳಿಗ್ಗೆ ನಾನು ಶಿಬಿರ ನಡೆಯುವ ಶಾಲೆಯ ಸಭಾಂಗಣಕ್ಕೆ ಹೋದಾಗ ಬಾಗಿಲು ಇನ್ನೂ ತೆರೆದಿರಲಿಲ್ಲ. ಮೆಟ್ಟಿಲ ಮೇಲೆ ಒಬ್ಬ ಅಜ್ಜ ಕೂತಿದ್ದ. ಇಸ್ತ್ರಿ ಮಾಡಿದ ಧೋತರ, ತಲೆಗೆ ಕೆಂಪು ಪಟಗಾ, ಪಕ್ಕದಲ್ಲಿ ಕೋಲು. ಆರಗದಿಂದ ಮೊದಲ ಬಸ್ಸಿಗೆ ಬಂದಿದ್ದನಂತೆ.

"ಯಾರನ್ನ ಕರಕೊಂಡು ಬಂದೀರಿ, ಅಜ್ಜಾ?"

"ಯಾರನ್ನೂ ಇಲ್ಲ. ನನ್ನನ್ನ ಕರದಾರ. ಬಂದೇನಿ," ಎಂದು ಮೊಮ್ಮಗ ತೆರೆದುಕೊಟ್ಟ ಮೆಸೇಜನ್ನು ತೋರಿಸಿ, ಅಂಗಿಯ ತೋಳು ಮಡಚಲು ಶುರು ಮಾಡಿದ. ವಯಸ್ಸೆಷ್ಟು ಎಂದರೆ ಎಪ್ಪತ್ತೆಂಟು. ಅವಸರದಲ್ಲಿ ಮೊಬೈಲು ತೆರೆದು ಹೊಸ ಯಾದಿ ನೋಡಿದೆ, ಒಂದು ಚುಕ್ಕಿಯೂ ಇರಲಿಲ್ಲ.

ಆಮೇಲೆ ತರುಣರ ನಡುವೆ ಇಂಥವರೇ ಒಬ್ಬರ ಹಿಂದೊಬ್ಬರು ಬಂದರು. ಕೋಲೂರಿಕೊಂಡು, ಮಗನ ಬೈಕಿನ ಹಿಂದೆ ಕೂತು, ಉಸಿರು ಬಿಡುತ್ತ. ಅಜ್ಜನೂ ಸೇರಿ ಹನ್ನೊಂದು ಮಂದಿ, ಒಬ್ಬರೂ ರಕ್ತ ಕೊಡುವಂತಿಲ್ಲ. ಒಬ್ಬರಂತೂ ಬಾಗಿಲಲ್ಲೇ, "ಸಕ್ಕರಿ ಐತಿ, ಸ್ವಲ್ಪ ಸಿಹಿ ಬರಬಹುದು, ನಡೀತೈತಿಲ್ರಿ?" ಎಂದು ವಿಚಾರಿಸಿದರು. ಅಧ್ಯಕ್ಷ ನನ್ನನ್ನು ಮೂಲೆಗೆ ಕರೆದು, "ತಾಯಿ, ಏನ್ರಿ ಇದು? ರಕ್ತದಾನ ಶಿಬಿರೋ ಪೆನ್ಷನ್ ಆಫೀಸೋ?" ಎಂದ.

ಅಷ್ಟರಲ್ಲಿ ಮಾಲಗಾಂವದ ಒಬ್ಬ ಹೆಂಗಸು ಬಂದಳು. ನಲವತ್ತರ ಆಚೀಚೆ. ಕೈಯಲ್ಲಿ ಗುಂಡಿಗಳ ಅಕ್ಷರ ಅಳಿಸಿಹೋದ ಒಂದು ಹಳೆಯ ಫೋನು. ಅದನ್ನು ನನ್ನ ಮುಂದೆ ಹಿಡಿದಳು.

"ಇದು ನಮ್ಮ ಮನಿಯವರ ನಂಬರ್ರೀ. ಅವರ ಹೆಸರಿಗೆ ಬಂದೈತಿ. ಅವರಿಲ್ಲ, ಹೋಗಿ ಎರಡ ವರ್ಷ ಆತು." ಫೋನನ್ನು ಸೆರಗಿನಲ್ಲಿ ಒರೆಸಿ ಕೇಳಿದಳು. "ಅವರ ಬದಲಿ ನಂದು ನಡೀತೈತೇನ್ರಿ?"

ನಾನು ಕ್ಷಮಿಸಿ, ತಪ್ಪಾಗಿದೆ ಎನ್ನಬೇಕಿತ್ತು. ಹಾಗೆಂದರೆ ಆಕೆ ಮರಳಿ ಹೋಗಿಬಿಡುತ್ತಾಳೆ ಎಂದು ಹೆದರಿಕೆಯಾಯಿತು. ಹಿಂದಿನಿಂದ ಕಾಕಾನ ದನಿ ಬಂತು. "ನಡೀತೈತಿ ತಂಗಿ. ಬಾ, ಕುಂದ್ರು. ನಿನ್ನ ಗ್ರೂಪ್ ಯಾವುದು?"

ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ನನ್ನನ್ನು ಈಗ ಎಲ್ಲರೆದುರು ಬೈಯುತ್ತಾರೆಂದು ಕಾದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಆ ಹೆಂಗಸಿನ ಹೆಸರು ಬರೆಸಿ, ತಾವೂ ಹೋಗಿ ಸಾಲಿನಲ್ಲಿ ನಿಂತರು. ಅವರ ಸರದಿ ಬಂದಾಗ ತಪಾಸಣೆಯ ತರುಣಿ ಡಾಕ್ಟರು ವಯಸ್ಸು ಕೇಳಿದಳು.

"ಅರವತ್ತಾರು."

"ಕಾಕಾ, ಅರವತ್ತೈದು ದಾಟಿದವ್ರು ಕೊಡಂಗಿಲ್ರಿ."

"ಗೊತ್ತೈತಿ. ಆ ಕಾಯ್ದೆ ನಾನ ಹಾಕೇನಿ ಯಾದ್ಯಾಗ."

"ಮತ್ತ ಯಾಕ ನಿಂತೀರಿ?"

"ನನಗೂ ಕರದಾರಲ್ರಿ," ಎಂದು ಕಾಕಾ ಮೊಬೈಲು ತೋರಿಸಿದರು. ಮುಖ ಗಂಭೀರವಾಗಿಯೇ ಇತ್ತು. ಆಕೆ ನಕ್ಕು, ಅವರ ಬಿಪಿ ನೋಡಿ, ಚೆನ್ನಾಗಿದೆ ಎಂದು ಹೇಳಿ ಕಳಿಸಿದಳು. ಅದನ್ನು ನೋಡಿದ್ದೇ ತಡ, ಉಳಿದ ಹನ್ನೊಂದು ಮಂದಿಯೂ ತೋಳು ಮಡಚಿ ಸಾಲಿನಲ್ಲಿ ನಿಂತರು. ಎಲ್ಲರ ಬಿಪಿಯನ್ನೂ ನೋಡಬೇಕಾಯಿತು.

ನಾನು ಅವಮಾನದಿಂದ ಆರಗದ ಅಜ್ಜನ ಪಕ್ಕ ಕುರ್ಚಿಯಲ್ಲಿ ಕೂತೆ. "ಅಜ್ಜಾ, ತಪ್ಪಾತ್ರಿ. ನಿಮ್ಮನ್ನ ಸುಮ್ಮನ ಬಸ್ಸಿನ್ಯಾಗ ಅಲೆದಾಡಿಸಿದೆ."

"ತಪ್ಪೇನವಾ ಇದ್ರಾಗ?" ಎಂದ ಅಜ್ಜ. "ನಿಮ್ಮ ಕಾಕಾ ಮೂರು ತಿಂಗಳಿಗೊಮ್ಮೆ ಫೋನ್ ಮಾಡತಾನ. ಮೊದಲೆಲ್ಲ ರಕ್ತಕ್ಕ ಮಾಡತಿದ್ದ. ಈಗ, ‘ರಕ್ತ ಬ್ಯಾಡ, ಹೆಂಗದೀರಿ’ ಅಂತ ಕೇಳತಾನ. ಹದಿಮೂರು ವರ್ಷ ಆತು, ಒಮ್ಮೆನೂ ತಪ್ಪಿಸಿಲ್ಲ. ಖರೆ, ಬರ್ರಿ ಅಂತ ಕರದಿರಲಿಲ್ಲ. ನಿನ್ನೆ ಕರದ. ಅದಕ್ಕ ಧೋತರಕ್ಕ ಇಸ್ತ್ರಿ ಹಾಕಿಸಿದೆ."

ಮಧ್ಯಾಹ್ನ ಊಟವಾದ ಮೇಲೆ ಕಾಕಾ ದಿನವೂ ಒಳಕೋಣೆಯಲ್ಲಿ ಕೂತು ಯಾರಿಗೋ ಫೋನು ಮಾಡುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ರಕ್ತಕ್ಕಾಗಿ ಮಾಡುತ್ತಾರೆಂದೇ ತಿಳಿದಿದ್ದೆ. ಅವರು ಮಾಡುತ್ತಿದ್ದದ್ದು ಚುಕ್ಕಿಯವರಿಗೆ. ಹಟ್ಟಿಗೆ ಬಂದವರನ್ನು ಎಣಿಸದೆ ಬಾರದವರನ್ನು ಹುಡುಕಿಕೊಂಡು ಹೋಗುವ ನಮ್ಮಜ್ಜನ ಮಗ ಇವರು. ನನಗೆ ನಾಚಿಕೆಯಾಯಿತು. ಮೂರು ಸಲ ಅಂಗಡಿಯ ಬಾಗಿಲಿಗೆ ಬಂದವರಿಗೆ ನಾನು ತಲೆ ಎತ್ತಿ ಕೂಡ ಉತ್ತರ ಕೊಟ್ಟಿರಲಿಲ್ಲ.

ಅಧ್ಯಕ್ಷನೂ ಇದನ್ನು ಕೇಳಿಸಿಕೊಂಡಿರಬೇಕು. ಹೋಗಿ ಶಾಲೆಯ ಕೋಣೆಯಿಂದ ಇನ್ನಷ್ಟು ಕುರ್ಚಿ ಎತ್ತಿ ತಂದ. ರಕ್ತ ಕೊಟ್ಟವರಿಗೆಂದು ತಂದಿದ್ದ ಚಹಾ, ಬಾಳೆಹಣ್ಣು, ಬಿಸ್ಕೀಟು ಕೊಡದವರಿಗೂ ಸಿಕ್ಕಿತು. ಸಕ್ಕರೆಯವರು ಮಾತ್ರ ಬಿಸ್ಕೀಟನ್ನು ಕಿಸೆಯಲ್ಲಿಟ್ಟುಕೊಂಡರು, ಮೊಮ್ಮಕ್ಕಳಿಗಂತೆ. ಮಾಲಗಾಂವದ ಆ ಹೆಂಗಸು ಮೊದಲ ಸಲ ರಕ್ತ ಕೊಟ್ಟು ಎದ್ದಾಗ ಆರಗದ ಅಜ್ಜನೇ ಆಕೆಗೆ ಚಹಾದ ಕಪ್ಪು ಹಿಡಿದುಕೊಟ್ಟ.

ಸಂಜೆ ನಾಲ್ಕರ ಹೊತ್ತಿಗೆ ನಾನು ಕಾಕಾನ ಮನೆಗೆ ಹೋದೆ. ಹೊಸ ಯಾದಿಗೆ ಚುಕ್ಕಿಗಳನ್ನು ಒಂದೊಂದಾಗಿ ನೋಡಿ ಹಚ್ಚಬೇಕಿತ್ತು. ಕಾಕಾ ಹೊರಗಿನ ಕೋಣೆಯ ಮಂಚದ ಮೇಲೆ ಅಡ್ಡಾಗಿದ್ದರು. ಬಿಳಿ ಅಂಗಿಯನ್ನು ಇನ್ನೂ ಕಳಚಿರಲಿಲ್ಲ. "ಒಳಗ ಹೋಗು, ಚಾಲೂನ ಐತಿ," ಎಂದರು. ಹೋಗಿ ಕೂತು, ಅವರು ಹೇಳಿಕೊಟ್ಟಿದ್ದ ಅಪ್ಪಣೆ ಕೊಟ್ಟೆ. ಚುಕ್ಕಿಯವರು ಸಾಲಾಗಿ ಮೇಲೆ ಬಂದರು.

ಒಬ್ಬೊಬ್ಬರ ಮುಂದೆಯೂ ಶೇರಾ, ಅಂದರೆ ಟಿಪ್ಪಣಿ, ಬರೆಯುವ ಒಂದು ಸಣ್ಣ ಜಾಗ. ಇಂಗ್ಲಿಷ್ ಅಕ್ಷರ, ನಮ್ಮ ಮನೆಯ ಮಾತು. ಕಿವಿ ಮಂದ, ಜೋರಾಗಿ ಮಾತಾಡು. ಮಂಗಳವಾರ ಉಪವಾಸ, ಬುಧವಾರ ಮಾಡು. ಮೊಮ್ಮಗಳು ನರ್ಸಿಂಗ್ ಕಲಿಯುತ್ತಾಳೆ, ಕೇಳು. ಮಾಲಗಾಂವದವಳ ಗಂಡನ ಹೆಸರಿನ ಮುಂದೆ, ಹೋದರು, ಹೆಂಡತಿ ಧೈರ್ಯಸ್ಥೆ. ಮುಂದಿನ ಫೋನು ಯಾವ ತಾರೀಖಿಗೆ ಎಂದು ಇದ್ದವರೆಲ್ಲರಿಗೂ ಬರೆದಿತ್ತು. ಓದುತ್ತ ಓದುತ್ತ ಕೊನೆಯ ಸಾಲಿಗೆ ಬಂದೆ.

ಕೊನೆಯ ಸಾಲಿನಲ್ಲಿ ಕಾಕಾನ ಹೆಸರೇ ಇತ್ತು. ಓ ನೆಗೆಟಿವ್, ಮಿರಜ. ಅರವತ್ತೈದು ತುಂಬಿದ ಮರುದಿನ ತಮ್ಮ ಕೈಯಾರೆ ತಮಗೆ ಚುಕ್ಕಿ ಹಚ್ಚಿಕೊಂಡಿದ್ದರು. ಶೇರಾದ ಜಾಗ ಖಾಲಿಯಿತ್ತು. ಮುಂದಿನ ಫೋನಿನ ತಾರೀಖೂ ಖಾಲಿಯಿತ್ತು. ಎಲ್ಲರಿಗೂ ಫೋನು ಮಾಡುವವರು ಇವರು, ಇವರಿಗೆ ಯಾರು ಮಾಡಬೇಕು? ಆ ಪ್ರಶ್ನೆಯನ್ನು ಅವರು ತಮಗೆ ತಾವೇ ಕೇಳಿಕೊಂಡು, ಉತ್ತರ ಸಿಗದೆ, ಜಾಗವನ್ನು ಹಾಗೇ ಬಿಟ್ಟಿರಬೇಕು.

ನಾನು ಮೊಬೈಲು ತೆಗೆದು ಅವರ ನಂಬರು ಒತ್ತಿದೆ. ಹೊರಗಿನ ಕೋಣೆಯಲ್ಲಿ ಫೋನು ರಿಂಗಣಿಸಿತು. ಮಂಚ ಕಿರುಗುಟ್ಟಿದ್ದು, ಅವರು ಕನ್ನಡಕ ಹುಡುಕಿದ್ದು ಗೋಡೆಯಾಚೆಯಿಂದ ಕೇಳಿಸಿತು.

"ಹಲೋ, ಯಾರ್ರೀ?"

"ಕಾಕಾ, ರಕ್ತ ಬ್ಯಾಡ. ಹೆಂಗದೀರಿ?"

ಗೋಡೆಯಾಚೆ ಮಂಚ ಮತ್ತೊಮ್ಮೆ ಕಿರುಗುಟ್ಟಿತು. ನನ್ನ ಮುಂದೆ ಕುಪವಾಡದ ಹಿತ್ತಾಳೆಯ ಬುಶ್ಶಿನ ಫ್ಯಾನು ತಿರುಗುತ್ತಿತ್ತು. ಆಮೇಲೆ ಕಾಕಾ ಗಂಟಲು ಸರಿಮಾಡಿಕೊಂಡರು.

"ಆರಾಮದೇನಿ," ಎಂದರು. "ಚಪ್ಪಲಿ ಹೊರಗ ಬಿಟ್ಟೀಯಿಲ್ಲೋ?"

"ಬಿಟ್ಟೇನ್ರಿ ಕಾಕಾ," ಎಂದು, ಖಾಲಿಯಿದ್ದ ಜಾಗದಲ್ಲಿ ಮೂರು ತಿಂಗಳಾಚೆಯ ತಾರೀಖು ಬರೆದೆ.